ಕಾರ್ಟಿಸಾಲ್ ಜಾಸ್ತಿ, ಟೆಸ್ಟೋಸ್ಟೆರಾನ್ ಕಮ್ಮಿ ಅಂತ ರಿಪೋರ್ಟು, 46ಕ್ಕೇ ಮುಗೀತಾ ನಮ್ ಕಥೆ?

ಬೆಣ್ಣೆದೋಸೆ_46
ಎಲ್ಲರಿಗೂ ನಮಸ್ಕಾರ. ಇಲ್ಲಿ ಮೂರು ವರ್ಷದಿಂದ ಬರೀ ಓದ್ತಿದ್ದೆ, ಬರೀತಿರೋದು ಇವತ್ತೇ ಮೊದಲು, ಅದೂ ಬೇರೆ ಐಡಿ ಮಾಡ್ಕೊಂಡು, ಯಾಕೆ ಅಂತ ಓದಿದ್ರೆ ಗೊತ್ತಾಗತ್ತೆ. ವಯಸ್ಸು 46, ದಾವಣಗೆರೆ ಕಡೆಯವನು, ಕೆಲಸ ಬೆಂಗಳೂರಲ್ಲಿ ಸಾಫ್ಟ್‌ವೇರ್ ಸಪೋರ್ಟು, ಕ್ಲೈಂಟು ಅಮೆರಿಕದವರು, ಅಂದ್ರೆ ರಾತ್ರಿ 9ಕ್ಕೆ ಕಾಲ್ ಶುರುವಾದ್ರೆ ಒಂದು ಒಂದೂವರೆ ಆಗತ್ತೆ ಮುಗಿಯೋದು. ಮಗಳು ಸೆಕೆಂಡ್ ಪಿಯು, ಬೆಳಗ್ಗೆ 6ಕ್ಕೆ ಟ್ಯೂಷನ್‌ಗೆ ಬಿಡಬೇಕು. ಹೋದ ವರ್ಷ ನಮ್ಮ ಟೀಮಲ್ಲೇ ನಾಲ್ಕು ಜನಾನ ಮನೆಗೆ ಕಳಿಸಿದ್ರು, ಅವತ್ತಿಂದ ಎಚ್‌ಆರ್ ಮೇಲ್ ಅಂತ ಕಂಡ್ರೆ ಸಾಕು ಹೊಟ್ಟೇಲಿ ಕಲಸ್ದಂಗೆ ಆಗತ್ತೆ. ಫ್ಲ್ಯಾಟ್ ಲೋನ್ ಇನ್ನೂ 11 ವರ್ಷ ಇದೆ.

ವಿಷಯಕ್ಕೆ ಬರ್ತೀನಿ. ಏಳೆಂಟು ತಿಂಗಳಿಂದ ಹೆಂಡತಿ ಜೊತೆ ಸರಿಯಾಗಿ ಆಗ್ತಿಲ್ಲ. ಶುರು ಆಗತ್ತೆ, ಮಧ್ಯದಲ್ಲೇ ಬಿಟ್ಟುಹೋಗತ್ತೆ. ಮೊದಲನೇ ಸಲ ಸುಸ್ತು ಅಂದ್ಕೊಂಡೆ. ಎರಡನೇ ಸಲಾನೂ ಅದೇ. ಮೂರನೇ ಸಲದಿಂದ ರೂಮಿಗೆ ಹೋಗೋ ಮುಂಚೇನೇ ಇವತ್ತೂ ಹಂಗೇ ಆದ್ರೆ ಏನ್ ಗತಿ ಅಂತ ತಲೇಲಿ ಓಡಕ್ಕೆ ಶುರು. ಈಗ ಕಾಲ್ ಲೇಟಾಯ್ತು, ನಿನ್ ನಿದ್ದೆ ಕೆಡಿಸೋದು ಬೇಡ ಅಂತ ನೆಪ ಹೇಳಿ ಹಾಲಲ್ಲೇ ಮಲ್ಕೋತೀನಿ.

ಗುಟ್ಟಾಗಿ ಗಂಡಸರ ಹೆಲ್ತ್ ಪ್ಯಾಕೇಜ್ ಅಂತ ಒಂದು ಆನ್‌ಲೈನಲ್ಲಿ ಬುಕ್ ಮಾಡಿ ಆಫೀಸಿಗೇ ಕರೆಸ್ಕೊಂಡು ರಕ್ತ ಕೊಟ್ಟೆ. ಟೆಸ್ಟೋಸ್ಟೆರಾನ್ 271, ಪಕ್ಕದಲ್ಲಿ ಕೆಂಪು ಬಾಣ ಕೆಳಕ್ಕೆ, ಕಾರ್ಟಿಸಾಲ್ ಪಕ್ಕ ಕೆಂಪು ಬಾಣ ಮೇಲಕ್ಕೆ. ಮಾರನೇ ದಿನ ಅವರ ಕಡೆಯಿಂದಾನೇ ಒಬ್ಬ ಫೋನ್ ಮಾಡಿ, ಸರ್ ನಿಮ್ಮ ಸ್ಟ್ರೆಸ್ ಹಾರ್ಮೋನು ಗಂಡಸ್ತನದ ಹಾರ್ಮೋನನ್ನ ತಿಂತಾ ಇದೆ, ಮೂರು ತಿಂಗಳ ಕೋರ್ಸು, 18 ಸಾವಿರ ಅಂದ. ತಗೊಳ್ಳಾ? ಇಂಜೆಕ್ಷನ್ ಬೇಕಾ? ಯಾರಿಗಾದ್ರೂ ಹಿಂಗೆ ಆಗಿದ್ಯಾ?

ಸುಮ್ನೆ_ಬಂದೋನು
ನಲವತ್ತಾದ್ಮೇಲೆ ಬರೋದೆಲ್ಲಾ ಬೋನಸ್ಸು ಗುರು, ಕ್ರಿಕೆಟ್ ನೋಡ್ಕೊಂಡು ಮಲ್ಕೊ

ಕಟ್ಟೆ_ಕಾವಲು (ಮಾಡರೇಟರ್)
ಈ ಥ್ರೆಡ್ಡಲ್ಲಿ ತಮಾಷೆ ಬೇಡ. ಮೂರು ವರ್ಷ ಸುಮ್ನಿದ್ದೋರು ಬಾಯಿ ಬಿಟ್ಟಿದಾರೆ ಅಂದ್ರೆ ಅರ್ಥ ಮಾಡ್ಕೊಳಿ. ಔಷಧಿ ಮಾರೋರ ನಂಬರ್ ಯಾರೇ ಹಾಕಿದ್ರೂ ಅಳಿಸ್ತೀನಿ, ಬೆಳಗ್ಗೆಯಿಂದ ಆಗ್ಲೇ ಎರಡು ಅಳಿಸಿದೀನಿ.

ತಾಲ್ಲೂಕು_ಡಾಕ್ಟ್ರು
ನಮಸ್ಕಾರ, ನಾನು ಫಿಸಿಷಿಯನ್, ಸರ್ಕಾರಿ ಆಸ್ಪತ್ರೆ. ಆ 18 ಸಾವಿರ ಸದ್ಯಕ್ಕೆ ಜೇಬಲ್ಲೇ ಇರ್ಲಿ. ನಾಲ್ಕು ಪ್ರಶ್ನೆ. ರಕ್ತ ಕೊಟ್ಟಿದ್ದು ಎಷ್ಟು ಗಂಟೆಗೆ? ಬೆಳಗ್ಗೆ ಏಳೋವಾಗ ತಾನಾಗೇ ಗಟ್ಟಿ ಇರತ್ತಾ? ಶುಗರ್, ಬಿಪಿ ನೋಡಿಸಿ ಎಷ್ಟು ದಿನ ಆಯ್ತು? ಯಾವ್ದಾದ್ರೂ ಮಾತ್ರೆ ತಗೋತಿದೀರಾ, ಸಿಗರೇಟು, ಡ್ರಿಂಕ್ಸು?

ಬೆಣ್ಣೆದೋಸೆ_46
ಸರ್ ಥ್ಯಾಂಕ್ಸ್. ರಕ್ತ ಕೊಟ್ಟಿದ್ದು ಸಂಜೆ ನಾಲ್ಕೂವರೆಗೆ, ಕ್ಯಾಂಟೀನಲ್ಲಿ ಊಟ ಆದ್ಮೇಲೆ, ಹಿಂದಿನ ರಾತ್ರಿ ನಾಲ್ಕು ಗಂಟೆ ನಿದ್ದೆ ಅಷ್ಟೇ. ಬೆಳಗಿಂದು ವಾರದಲ್ಲಿ ಎರಡ್ಮೂರು ದಿನ ಇರತ್ತೆ, ಮೊದಲಿನಷ್ಟು ಅಂತ ಹೇಳಕ್ಕಾಗಲ್ಲ. ಶುಗರ್ ಮೂರು ವರ್ಷದ ಹಿಂದೆ ಬಾರ್ಡರ್ ಅಂದಿದ್ರು, ಆಮೇಲೆ ನೋಡಿಸ್ಲಿಲ್ಲ, ಅಪ್ಪಂಗೆ ಇತ್ತು. ಬಿಪಿ ಆಫೀಸ್ ಕ್ಯಾಂಪಲ್ಲಿ 150/96, ಟ್ರಾಫಿಕ್ಕಲ್ಲಿ ಬಂದಿದ್ದಕ್ಕೆ ಇರಬೇಕು ಅಂತ ಬಿಟ್ಟೆ. ಮಾತ್ರೆ ಯಾವ್ದೂ ಇಲ್ಲ. ಸಿಗರೇಟು ದಿನಕ್ಕೆ ಆರೇಳು. ಹೊಟ್ಟೆ ಬಂದಿದೆ, ಅದನ್ನ ನೀವು ಕೇಳ್ಲಿಲ್ಲ, ನಾನೇ ಹೇಳ್ತಿದೀನಿ.

ತಾಲ್ಲೂಕು_ಡಾಕ್ಟ್ರು
ಸಂಜೆ ನಾಲ್ಕೂವರೆ, ಹೊಟ್ಟೆ ತುಂಬಾ ಊಟ, ನಿದ್ದೆ ಇಲ್ಲ. ಆ 271ನ್ನ ಪಕ್ಕಕ್ಕಿಡಿ. ಟೆಸ್ಟೋಸ್ಟೆರಾನ್ ಬೆಳಗ್ಗೆ ಜಾಸ್ತಿ ಇದ್ದು ಸಂಜೆಗೆ ಇಳಿಯತ್ತೆ, ಅದಕ್ಕೇ ಬೆಳಗ್ಗೆ ಖಾಲಿ ಹೊಟ್ಟೇಲಿ, ಹೆಚ್ಚೂಕಮ್ಮಿ ಹತ್ತು ಗಂಟೆ ಒಳಗೆ ತೆಗೀಬೇಕು, ಕಮ್ಮಿ ಬಂದ್ರೆ ಇನ್ನೊಂದು ದಿನ ಮತ್ತೆ ತೆಗೀಬೇಕು, ಎರಡೂ ಸಲ ಕಮ್ಮಿ ಇದ್ದು ಜೊತೆಗೆ ತೊಂದರೇನೂ ಇದ್ರೆ ಮಾತ್ರ ಕಮ್ಮಿ ಅಂತ ಲೆಕ್ಕ. 300ರ ಕೆಳಗೆ ಅಂದ್ರೆ ಕಮ್ಮಿ ಅಂತ ಅಮೆರಿಕದ ಯುರಾಲಜಿಯವರು ಗೆರೆ ಹಾಕಿದಾರೆ, ಹಾರ್ಮೋನ್ ತಜ್ಞರ ಸಂಘದವರು 2018ರಲ್ಲಿ 264 ಅಂದ್ರು, ಇದೆಲ್ಲಾ ಡೆಸಿಲೀಟರಿಗೆ ನ್ಯಾನೋಗ್ರಾಂ ಲೆಕ್ಕದಲ್ಲಿ. ಅಂದ್ರೆ ಕೆಟ್ಟ ಹೊತ್ತಲ್ಲಿ ತೆಗೆದ ನಿಮ್ಮ ನಂಬರ್ರೂ ಆ ಎರಡು ಗೆರೆ ಮಧ್ಯದಲ್ಲೇ ನಿಂತಿದೆ.

ಕಾರ್ಟಿಸಾಲೂ ಹಂಗೇ, ಬೆಳಗ್ಗೆ ಎದ್ದ ಮುಕ್ಕಾಲು ಗಂಟೆ ಒಳಗೆ ತುತ್ತತುದಿಗೆ ಹೋಗಿ ಮಧ್ಯರಾತ್ರಿ ಹೊತ್ತಿಗೆ ತಳ ಸೇರತ್ತೆ. ನಿದ್ದೆಗೆಟ್ರೆ ಏರತ್ತೆ, ಸೂಜಿ ಕಂಡು ಹೆದರಿದ್ರೂ ಏರತ್ತೆ. ಒಂದೇ ಒಂದು ಸ್ಯಾಂಪಲ್ ಇಟ್ಕೊಂಡು ನಿಮಗೆ ಇಷ್ಟು ಸ್ಟ್ರೆಸ್ ಇದೆ ಅಂತ ಯಾರಾದ್ರೂ ಹೇಳಿದ್ರೆ ಅದು ಗಿಳಿಶಾಸ್ತ್ರ. ನಿಜವಾಗ್ಲೂ ಕಾರ್ಟಿಸಾಲ್ ಉಕ್ಕೋ ಕಾಯಿಲೆ ಇದೆ, ಕುಶಿಂಗ್ ಅಂತಾರೆ, ಮುಖ ಗುಂಡಗಾಗತ್ತೆ, ಹೊಟ್ಟೆ ಮೇಲೆ ಅಗಲವಾದ ನೇರಳೆ ಗೆರೆ ಬರತ್ತೆ, ಸುಮ್ನೆ ತಗುಲಿದ್ರೂ ಕಂದುಗಟ್ಟತ್ತೆ, ಅದನ್ನ ಹುಡುಕೋ ಪರೀಕ್ಷೆಗಳೇ ಬೇರೆ. ಮತ್ತೆ ಕಾರ್ಟಿಸಾಲೇನು ವಿಲನ್ ಅಲ್ಲ ಕಣ್ರಿ, ಅದು ಇಲ್ದೇ ಹೋದ್ರೆ ಬಿಪಿ ಬಿದ್ದು ಜೀವಕ್ಕೇ ಸಂಚಕಾರ.

ಜಿಮ್_ಜಟ್ಟಿ
ಸರ್ ಹಂಗಾದ್ರೆ ಸ್ಟ್ರೆಸ್‌ಗೂ ಇದಕ್ಕೂ ಸಂಬಂಧಾನೇ ಇಲ್ಲ ಅಂತೀರಾ? ರೀಲ್ಸಲ್ಲಿ ಎಲ್ಲಾರೂ ಕಾರ್ಟಿಸಾಲ್ ಕಾರ್ಟಿಸಾಲ್ ಅಂತಾನೇ ಬಡ್ಕೋತಾರೆ

ತಾಲ್ಲೂಕು_ಡಾಕ್ಟ್ರು
ಇದೆ, ಖಂಡಿತಾ ಇದೆ, ಆದ್ರೆ ಎರಡು ದಾರಿ, ಎರಡರ ವೇಗ ಬೇರೆ. ರೀಲ್ಸಿನವರು ನಿಧಾನದ್ದನ್ನ ಮಾತ್ರ ಹೇಳ್ತಾರೆ ಯಾಕಂದ್ರೆ ಅದಕ್ಕೆ ಡಬ್ಬಿ ಮಾರಬಹುದು.

ನಿಧಾನದ ದಾರಿ ಹಿಂಗೆ. ಮೆದುಳಿನ ಹೈಪೋಥಲಮಸ್ಸು ಪಿಟ್ಯುಟರಿಗೆ ಹೇಳತ್ತೆ, ಪಿಟ್ಯುಟರಿ ಮೂತ್ರಪಿಂಡದ ಮೇಲೆ ಟೋಪಿ ಥರ ಕೂತಿರೋ ಅಡ್ರಿನಲ್ ಗ್ರಂಥಿಗೆ ಹೇಳತ್ತೆ, ಅಲ್ಲಿಂದ ಕಾರ್ಟಿಸಾಲ್. ವೃಷಣಕ್ಕೆ ಟೆಸ್ಟೋಸ್ಟೆರಾನ್ ಮಾಡು ಅಂತ ಹೇಳೋ ಆರ್ಡರ್ರೂ ಅದೇ ಆಫೀಸಿಂದಾನೇ ಹೊರಡೋದು. ತಿಂಗಳುಗಟ್ಲೆ ಒತ್ತಡ ಇದ್ರೆ ಈ ಕಡೆ ಆರ್ಡರ್ ಕಮ್ಮಿ ಆಗತ್ತೆ, ಆಸೇನೂ ಕುಗ್ಗತ್ತೆ. ಅದರ ಜೊತೆ ನಿದ್ದೆ. ಷಿಕಾಗೊದಲ್ಲಿ ಹತ್ತು ಜನ ಆರೋಗ್ಯವಂತ ಹುಡುಗರನ್ನ ಎಂಟು ರಾತ್ರಿ ಐದೈದೇ ಗಂಟೆ ಮಲಗಿಸಿದ್ರು, 2011ರಲ್ಲಿ ಬಂದಿದ್ದು, ಹಗಲಿನ ಟೆಸ್ಟೋಸ್ಟೆರಾನ್ ಶೇ. 10ರಿಂದ 15 ಇಳೀತು. ವಯಸ್ಸಾಗ್ತಾ ಇಳಿಯೋದು ವರ್ಷಕ್ಕೆ ಹೆಚ್ಚೂಕಮ್ಮಿ ಶೇ. 1. ಒಂದು ವಾರದ ನಿದ್ದೆಗೇಡು ಎಷ್ಟು ವರ್ಷಕ್ಕೆ ಸಮ ಅಂತ ನೀವೇ ಲೆಕ್ಕ ಹಾಕಿ.

ವೇಗದ ದಾರಿ ಅಡ್ರಿನಲಿನ್. ರಾತ್ರಿ ಬೈಕಲ್ಲಿ ಬರ್ತಾ ಬೀದಿನಾಯಿ ಅಟ್ಟಿಸ್ಕೊಂಡು ಬಂದ್ರೆ ಕೈಕಾಲು ತಣ್ಣಗಾಗತ್ತಲ್ಲ, ಅದು. ಗದ್ದೆಗೆ ನೀರು ಬಿಡೋ ತೂಬು ಅಂದ್ಕೊಳಿ. ಮನಸ್ಸು ನಿರಾಳ ಇದ್ದಾಗ ನರದ ತುದೀಲಿ ನೈಟ್ರಿಕ್ ಆಕ್ಸೈಡ್ ಬಿಡುಗಡೆ ಆಗಿ ರಕ್ತನಾಳದ ಸ್ನಾಯು ಸಡಿಲ ಆಗತ್ತೆ, ತೂಬು ತೆಗಿಯತ್ತೆ, ರಕ್ತ ತುಂಬತ್ತೆ. ಅಡ್ರಿನಲಿನ್ ಬಂದ ಕ್ಷಣ ಅದೇ ಸ್ನಾಯು ಬಿಗಿಯಾಗಿ ತೂಬು ಮುಚ್ಚತ್ತೆ. ಬೆಣ್ಣೆದೋಸೆಯವರೇ, ರೂಮಿಗೆ ಹೋಗೋ ಮುಂಚೇನೇ ತಲೇಲಿ ಓಡತ್ತೆ ಅಂದ್ರಲ್ಲ, ನಿಮ್ಮ ಬೀದಿನಾಯಿ ಅದೇ. ಟೆಸ್ಟೋಸ್ಟೆರಾನ್ 700 ಇದ್ದೋರಿಗೂ ಅದು ಅಟ್ಟಿಸ್ಕೊಂಡು ಬಂದ್ರೆ ನಿಲ್ಲಲ್ಲ. ವಾರಕ್ಕೆ ಎರಡ್ಮೂರು ಬೆಳಗ್ಗೆ ತಾನಾಗೇ ಆಗತ್ತೆ ಅಂದ್ರೆ ಪೈಪ್‌ಲೈನ್ ಪೂರ್ತಿ ಕೆಟ್ಟಿಲ್ಲ.

ಆದ್ರೆ "ಮೊದಲಿನಷ್ಟಿಲ್ಲ" ಅಂದಿದೀರ, ಬಾರ್ಡರ್ ಶುಗರ್, 150/96, ಸಿಗರೇಟು. ನನ್ನ ತಲೆ ಓಡ್ತಿರೋದು ಆ ಕಡೆಗೆ.

ಹುಬ್ಬಳ್ಳಿ_ಗಿರ್ಮಿಟ್
ಡಾಕ್ಟರ್ ಸಾಹೇಬ್ರು ಎಲ್ಲಿಗೆ ಹೊಂಟಾರ ಅಂತ ನನಗ ಗೊತ್ತಾತ್ರಿ, ನಂದs ಕಥಿ ಅದು. ನನಗೀಗ 54. 2018ರಾಗ ಇವ್ರಿಗೆ ಆದಂಗ ನನಗೂ ಆತು. ವಯಸ್ಸಾತು ಬಿಡು, ಅಂಗಡಿ ವ್ಯವಹಾರದ ಟೆನ್ಷನ್ ಅಂತ ಸುಮ್ಮ ಆದೆ, ಮನಿಯಾಕೀನೂ ಏನೂ ಅನ್ಲಿಲ್ಲ. ಒಬ್ಬಾಂವ ಪುಡಿ ಕೊಟ್ಟ, ಒಬ್ಬಾಂವ ಎಣ್ಣಿ ಕೊಟ್ಟ, ಎಲ್ಲಾ ಆತು. 2021ರ ಮಳಿಗಾಲದಾಗ ಜೀನಾ ಹತ್ತೋವಾಗ ಎದಿ ಹಿಡಕೊಂಡ ಕುಂತೆ. ಎರಡು ಸ್ಟೆಂಟು. ಆಗ ಶುಗರ್ 290 ಇತ್ರಿ, ನನಗ ಶುಗರ್ ಐತಿ ಅನ್ನೂದs ಗೊತ್ತಿರ್ಲಿಲ್ಲ. ದವಾಖಾನ್ಯಾಗ ಕೆಳಗಿಂದು ಯಾವಾಗಿಂದ ತೊಂದ್ರಿ ಅಂತ ಕೇಳಿದ್ರು, ಮೂರು ವರ್ಷ ಅಂದೆ. ಮೂರು ವರ್ಷ ಮೊದಲs ಬರಬೇಕಿತ್ತಲ್ಲೋ ಮಾರಾಯಾ ಅಂದ್ರು. ತಮ್ಮಾ ನೀ ಹಾರ್ಮೋನ್ ಗೀರ್ಮೋನ್ ಬಿಡು, ಮೊದ್ಲ ಶುಗರ್ ನೋಡ್ಸು.

ತಾಲ್ಲೂಕು_ಡಾಕ್ಟ್ರು
ಇವರು ಹೇಳಿದ್ದಕ್ಕೆ ಕಾರಣ ಕೊಳವೆ ಸೈಜು. ಶಿಶ್ನದ ರಕ್ತನಾಳ 1ರಿಂದ 2 ಮಿಲಿಮೀಟರ್, ಹೃದಯದ್ದು 3ರಿಂದ 4. ಒಳಗೆ ಕೊಬ್ಬು ಕಟ್ಟೋದು ಎರಡೂ ಕಡೆ ಒಟ್ಟಿಗೇ ಶುರುವಾದ್ರೂ ಸಣ್ಣದ್ರಲ್ಲಿ ಮೊದಲು ಗೊತ್ತಾಗತ್ತೆ, ಎದೆನೋವು ಬರೋಕೆ ಎರಡು ಮೂರು ವರ್ಷ ಕೆಲವ್ರಿಗೆ ಐದು ವರ್ಷ ಮುಂಚೇನೇ. ಮತ್ತೆ ಇದು ನಿಮ್ಮೊಬ್ಬರ ಕಥೆ ಅಲ್ಲ, ಅಮೆರಿಕದ ಮ್ಯಾಸಚೂಸೆಟ್ಸಲ್ಲಿ 1987–89ರಲ್ಲಿ 40ರಿಂದ 70ರ ಗಂಡಸರನ್ನ ಕೇಳಿದಾಗ ಶೇ. 52 ಜನಕ್ಕೆ ಸ್ವಲ್ಪವೋ ಜಾಸ್ತಿಯೋ ಈ ತೊಂದರೆ ಇತ್ತು. ಅರ್ಧಕ್ಕರ್ಧ ಜನ. ಅರಳಿಕಟ್ಟೆ ಮೇಲೆ ಕೂತು ರಾಜಕೀಯ ಮಾತಾಡೋರಲ್ಲಿ ಅರ್ಧ ಜನಕ್ಕೆ ಇದೆ, ಒಬ್ಬರೂ ಬಾಯಿ ಬಿಡಲ್ಲ.

ಅಡಿಕೆ_ತೋಟ
ನಮ್ಮ ಕಡೆ ಹಿರಿಯರು ಇದಕ್ಕೆಲ್ಲಾ ಧಾತು ಹೋಗಿರೋದೇ ಕಾರಣ ಅಂತಾರೆ, ಹುಡುಗಾಟದ ವಯಸ್ಸಲ್ಲಿ ಕೈಯಿಂದ ಮಾಡ್ಕೊಂಡಿದ್ದು ನಲವತ್ತರಲ್ಲಿ ಬಡ್ಡಿ ಸಮೇತ ಬರತ್ತೆ ಅಂತ. ನಿಜಾನಾ? ನಗಬೇಡಿ, ನಾನು ಇಪ್ಪತ್ತು ವರ್ಷದಿಂದ ಇದೇ ಭಯದಲ್ಲಿದೀನಿ.

ತಾಲ್ಲೂಕು_ಡಾಕ್ಟ್ರು
ಇಲ್ಲ. ಶುದ್ಧ ಸುಳ್ಳು. ಬಸ್‌ಸ್ಟ್ಯಾಂಡ್ ಮೂತ್ರಾಲಯದ ಗೋಡೇಲಿ ಗುಪ್ತರೋಗ ಅಂತ ಚೀಟಿ ಅಂಟಿಸೋರ ಹೊಟ್ಟೆಪಾಡು ನಡೀತಿರೋದೇ ಇದರ ಮೇಲೆ. ಹಸ್ತಮೈಥುನದಿಂದ ಶಕ್ತಿ ಸೋರಲ್ಲ, ವೀರ್ಯ ದಿನಾ ಹೊಸದಾಗಿ ತಯಾರಾಗೋ ವಸ್ತು. ಆದ್ರೆ ಈ ಭಯಾನೇ ಒಂದು ಕಾಯಿಲೆ, 1960ರಲ್ಲಿ ನಮ್ಮ ದೇಶದ ಮನೋವೈದ್ಯ ಎನ್. ಎನ್. ವಿಗ್ ಅವರು ಇದಕ್ಕೆ ಧಾತ್ ಸಿಂಡ್ರೋಮ್ ಅಂತ ಹೆಸರಿಟ್ರು. ಇಪ್ಪತ್ತು ವರ್ಷ ಹೆದರಿದ್ದಕ್ಕೆ ಯಾರೂ ನಗಲ್ಲ, ಒಂದ್ಸಲ ಮನೋವೈದ್ಯರ ಹತ್ರ ಕೂತು ಮಾತಾಡಿ, ಹೋಗಕ್ಕೆ ಸಂಕೋಚ ಆದ್ರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ್ದು, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ.

ಮೆಡಿಕಲ್_ಶಾಪ್_ಶಿವಮೊಗ್ಗ
22 ವರ್ಷದಿಂದ ಕೌಂಟರಲ್ಲಿ ನಿಂತಿದೀನಿ, ನಂದೂ ಸ್ವಲ್ಪ ಕೇಳಿ. ರಾತ್ರಿ ಒಂಬತ್ತಾದ್ಮೇಲೆ ಬರ್ತಾರೆ, ಗಾಡಿ ಆಫ್ ಮಾಡಲ್ಲ, ಅಂಗಡೀಲಿ ಬೇರೆಯವರಿದ್ರೆ ಒಂದು ವಿಕ್ಸ್ ಗುಳಿಗೆ ತಗೊಂಡು ಹೋಗ್ತಾರೆ, ಮತ್ತೆ ಬರ್ತಾರೆ, ಚೀಟಿ ಮಡಚಿ ಕೈಗೆ ಇಡ್ತಾರೆ. ಡಾಕ್ಟ್ರ ಚೀಟಿ ಇದ್ಯಾ ಅಂದ್ರೆ ಸ್ನೇಹಿತಂಗೆ ಸಾರ್ ಅಂತಾರೆ. ಶಿವಮೊಗ್ಗದಲ್ಲಿ ಎಲ್ಲಾರಿಗೂ ಸ್ನೇಹಿತರೇ ಜಾಸ್ತಿ.

ಅವರು ಕೇಳೋ ಸಿಲ್ಡೆನಾಫಿಲ್, ವಯಾಗ್ರ ಅಂತಾರಲ್ಲ ಅದು, ಕೆಟ್ಟ ಮಾತ್ರೆ ಅಲ್ಲ. ಎದೆನೋವಿಗೆ ಅಂತ ಹುಡುಕಕ್ಕೆ ಹೋಗಿ ಸಿಕ್ಕಿದ್ದು, 1998ರಲ್ಲಿ ಅಮೆರಿಕದಲ್ಲಿ ಪರ್ಮಿಷನ್ ಸಿಕ್ತು. ಡಾಕ್ಟ್ರು ಹೇಳಿದ ತೂಬನ್ನ ತೆರೆದಿಡಕ್ಕೆ ಸಹಾಯ ಮಾಡತ್ತೆ ಅಷ್ಟೇ, ಆಸೆ ಹುಟ್ಟಿಸಲ್ಲ, ಬಿರಿಯಾನಿ ತಿಂದು ನುಂಗಿದ್ರೆ ಕೆಲಸಾನೂ ಲೇಟು. ಆದ್ರೆ ಎದೆನೋವಿಗೆ ನಾಲಿಗೆ ಕೆಳಗಿಡೋ ಸಾರ್ಬಿಟ್ರೇಟ್ ಥರದ ನೈಟ್ರೇಟ್ ಮಾತ್ರೆ ತಗೊಳೋರು ಇದನ್ನ ತಗೊಂಡ್ರೆ ಬಿಪಿ ಪಾತಾಳಕ್ಕೆ ಬೀಳತ್ತೆ, ಜೀವ ಹೋಗಬಹುದು. ಹುಬ್ಬಳ್ಳಿ ಅಣ್ಣಾ, ನಿಮ್ಮಂಥೋರು ಕಾರ್ಡಿಯಾಲಜಿಸ್ಟನ್ನ ಕೇಳ್ದೆ ಮುಟ್ಟಲೇಬೇಡಿ.

ಇನ್ನೊಂದು, "ಸಂಪೂರ್ಣ ಗಿಡಮೂಲಿಕೆ, ಒಂದೇ ಗಂಟೇಲಿ ರಿಸಲ್ಟು" ಅಂತ ಬರೋ ಕ್ಯಾಪ್ಸೂಲ್. ಯಾವ ಬೇರೂ ಒಂದು ಗಂಟೇಲಿ ಹಂಗೆ ಕೆಲಸ ಮಾಡಲ್ಲ ಸ್ವಾಮಿ. ಅಂಥವನ್ನ ಪರೀಕ್ಷೆ ಮಾಡಿದಾಗ ಒಳಗೆ ಇದೇ ಸಿಲ್ಡೆನಾಫಿಲ್ ಸಿಕ್ಕಿದೆ ಅಂತ ಅಮೆರಿಕದ ಔಷಧ ಇಲಾಖೆ ಎಷ್ಟೋ ಸಲ ಎಚ್ಚರಿಕೆ ಕೊಟ್ಟಿದೆ. ಮಂಡಿನೋವಿಗೆ ಅಂತ ಕಾಗದದಲ್ಲಿ ಕಟ್ಟಿಕೊಡೋ ಪುಡೀಲೂ ಎಷ್ಟೋ ಸಲ ಸ್ಟೀರಾಯ್ಡ್ ಇರತ್ತೆ, ಅದೂ ಕಾರ್ಟಿಸಾಲಿನ ಅಣ್ಣತಮ್ಮಾನೇ. ಒಂದು ಕಡೆ ಅದನ್ನ ನುಂಗ್ತಾ ಇನ್ನೊಂದು ಕಡೆ ಕಾರ್ಟಿಸಾಲ್ ಇಳಿಸೋಕೆ ಡಬ್ಬಿ ಕೇಳೋರನ್ನ ನಾನೇ ಕಣ್ಣಾರೆ ನೋಡಿದೀನಿ.

ಅಡಿಕೆ_ತೋಟ
ಅಶ್ವಗಂಧ?

ಮೆಡಿಕಲ್_ಶಾಪ್_ಶಿವಮೊಗ್ಗ
ನಮ್ಮಜ್ಜಿ ಹಾಲಲ್ಲಿ ಕುದಿಸಿ ಕೊಡೋರು, ನಂಗೂ ಅಭಿಮಾನ ಇದೆ. ಕಾರ್ಟಿಸಾಲ್ ಸ್ವಲ್ಪ ಇಳೀತು ಅಂತ ಸಣ್ಣಪುಟ್ಟ ಅಧ್ಯಯನ ಇವೆ. ಆದ್ರೆ ಅಪರೂಪಕ್ಕೆ ಲಿವರ್‌ಗೆ ಏಟು ಬಿದ್ದಿರೋದೂ ವರದಿ ಆಗಿದೆ, ಥೈರಾಯ್ಡ್ ಶುಗರ್ ಮಾತ್ರೆ ತಗೊಳೋರು ಡಾಕ್ಟ್ರಿಗೆ ಹೇಳಿ ತಗೊಳ್ಳಿ. ರಾತ್ರಿ ಒಂದೂವರೆವರೆಗೆ ಕಾಲ್ ಮಾಡ್ಕೊಂಡು ಅಶ್ವಗಂಧ ತಿಂದ್ರೆ ಅಶ್ವಗಂಧ ಪಾಪ ಏನ್ ಮಾಡತ್ತೆ.

ಜಿಮ್_ಜಟ್ಟಿ
ನಮ್ ಟ್ರೈನರ್ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಸೀದಾ ತಗೊ ಅಂತಾನೆ. ನಂಗೆ 38, ಎರಡನೇ ಮಗು ಪ್ಲಾನ್ ಮಾಡ್ತಿದೀವಿ

ತಾಲ್ಲೂಕು_ಡಾಕ್ಟ್ರು
ಮಗು ಬೇಕು ಅಂದ್ರೆ ಅದನ್ನ ಮುಟ್ಟಬೇಡಿ! ಹೊರಗಿಂದ ಬಂತು ಅಂದ್ರೆ ಮೆದುಳು ಒಳಗಿನ ಫ್ಯಾಕ್ಟರಿಗೆ ಆರ್ಡರ್ ನಿಲ್ಲಿಸತ್ತೆ, ವೀರ್ಯಾಣು ಎಣಿಕೆ ಸೊನ್ನೆವರೆಗೂ ಇಳೀಬಹುದು, ನಿಲ್ಲಿಸಿದ್ಮೇಲೆ ವಾಪಸ್ ಬರಕ್ಕೆ ತಿಂಗಳುಗಟ್ಲೆ ಬೇಕು. ನಿಜವಾಗ್ಲೂ ಕಮ್ಮಿ ಇದ್ದೋರಿಗೆ ಅದು ಒಳ್ಳೇ ಔಷಧಿ, ಆದ್ರೆ ಅದನ್ನ ಬರೆಯೋದು ಡಾಕ್ಟ್ರ ಕೆಲಸ, ಟ್ರೈನರ್ರು ಡಂಬೆಲ್ ನೋಡ್ಕೊಳ್ಲಿ.

ಮೈಸೂರು_ಮಲ್ಲಿಗೆ_ದಂಡೆ
ಇಷ್ಟು ಹೊತ್ತೂ ಗಂಡಸರೇ ಮಾತಾಡ್ತಿದೀರ, ಪಕ್ಕದಲ್ಲಿ ಮಲಗಿರೋಳು ಏನ್ ಅಂದ್ಕೊಂಡಿರ್ತಾಳೆ ಅಂತ ಒಬ್ಬರಾದ್ರೂ ಕೇಳಿದ್ರಾ?

ನಂಗೆ 45. ನಮ್ಮನೆಯವರೂ ಹಿಂಗೇ ಹಾಲಿಗೆ ಶಿಫ್ಟ್ ಆಗಿದ್ರು, ಸೊಂಟನೋವು ಅನ್ನೋ ನೆಪ. ನಾನು ಮೊದಲು ದಪ್ಪಗಾಗಿದೀನಿ ಅದಕ್ಕೇ ಅಂದ್ಕೊಂಡೆ. ಆಮೇಲೆ ಬೇರೆ ಯಾರೋ ಇದಾರೆ ಅಂದ್ಕೊಂಡೆ. ಒಂದಿನ ಕಾರಲ್ಲಿ ಇನ್ಷೂರೆನ್ಸ್ ಪೇಪರ್ ಹುಡುಕ್ತಾ ಆ ಮಾತ್ರೆ ಸ್ಟ್ರಿಪ್ಪು ಸಿಕ್ತು, ಎರಡು ಖಾಲಿ, ಎರಡು ಹಂಗೇ ಇತ್ತು. ಆ ಎರಡು ಯಾರಿಗೋಸ್ಕರ ಖಾಲಿಯಾಯ್ತು ಅಂತ ನಾನು ಮೂರು ದಿನ ಅನ್ನ ಬಿಟ್ಟಿದೀನಿ. ಪಾಪ ಅವರು ಬಾತ್‌ರೂಮಲ್ಲಿ ನುಂಗಿ ಧೈರ್ಯ ಸಾಲ್ದೆ ಹಾಲಲ್ಲೇ ಮಲಗಿದ್ರಂತೆ. ಗೊತ್ತಾದ್ಮೇಲೆ ಅಳಬೇಕೋ ನಗಬೇಕೋ.

ಆಮೇಲೆ ಇಬ್ಬರೂ ಸೇರಿ ಕೌನ್ಸೆಲಿಂಗ್‌ಗೆ ಹೋದ್ವಿ. ಆಯಮ್ಮ ಮೊದಲನೇ ದಿನಾನೇ ಏನ್ ಅಂದ್ರು ಗೊತ್ತಾ, ಮೂರು ವಾರ ಅದನ್ನ ಮಾಡಲೇಬೇಡಿ, ಕೂಡದು ಅಂತಾನೇ ಅಂದ್ರು. ಬರೀ ಪಕ್ಕದಲ್ಲಿ ಮಲ್ಕೊಳಿ, ಕೈ ಹಿಡ್ಕೊಳಿ, ಬೆನ್ನು ಸವರಿ, ಅದಕ್ಕಿಂತ ಮುಂದೆ ಹೋಗೋಹಾಗಿಲ್ಲ. 1970ರಲ್ಲೇ ಮಾಸ್ಟರ್ಸ್ ಮತ್ತು ಜಾನ್ಸನ್ ಅಂತ ಅಮೆರಿಕದ ಇಬ್ಬರು ಹೇಳಿಕೊಟ್ಟ ಕ್ರಮ ಇದು ಅಂತೆ. ಗೆಲ್ಲಬೇಕು ಅನ್ನೋದೇ ಇಲ್ಲ ಅಂದ್ಮೇಲೆ ಸೋಲೋ ಭಯ ಎಲ್ಲಿಂದ ಬರತ್ತೆ. ಮೂರು ವಾರ ಅಂದಿದ್ರು, ನಾವು ಎರಡನೇ ವಾರಕ್ಕೇ ರೂಲ್ ಮುರಿದ್ವಿ, ಅವರಿಗೆ ಹೇಳ್ಲಿಲ್ಲ.

ಮತ್ತೆ ನಲವತ್ತೈದರ ಹೆಂಗಸಿಗೂ ಅವಳದೇ ಹಾರ್ಮೋನ್ ಗಲಾಟೆ ಇರತ್ತೆ. ಮುಟ್ಟು ಏರುಪೇರು, ರಾತ್ರಿ ಮೈ ಕಾಯೋದು, ಅಲ್ಲಿ ಒಣಗಿದಂಗೆ ಆಗಿ ಉರಿ. ನಾನು ಮುಖ ಕಿವುಚಿದ್ದು ಉರೀಗೆ, ಅವರು ತಿಳ್ಕೊಂಡಿದ್ದು ತಾತ್ಸಾರಕ್ಕೆ ಅಂತ. ನಾನು ಹೇಳಿರ್ಲಿಲ್ಲ, ಅವರೂ ಕೇಳಿರ್ಲಿಲ್ಲ.

ಹುಬ್ಬಳ್ಳಿ_ಗಿರ್ಮಿಟ್
ಅಕ್ಕಾ, ನಮ್ಮ ಮನಿಯಾಕಿಗೆ ಓದಿ ತೋರಿಸ್ದೆ ಇದನ್ನ. ಏನೂ ಮಾತಾಡ್ಲಿಲ್ಲ, ಚಾ ಮಾಡ್ಕೊಂಡ್ ಬಂದು ಬಾಜೂಕ ಕುಂತ್ಳು.

ಡಾಕ್ಟರ್ರೀ, ಒಂದು ಮಾತ. ಸ್ಟೆಂಟ್ ಆದವ್ರು ಮತ್ತ ಇದಕ್ಕೆಲ್ಲಾ ಹೋಗಬೌದೇನ್ರಿ?

ತಾಲ್ಲೂಕು_ಡಾಕ್ಟ್ರು
ಎರಡು ಮಹಡಿ ಮೆಟ್ಲು ಬಿರಬಿರನೆ ಹತ್ತಿ ಎದೆನೋವು, ಮೇಲುಸಿರು ಬರಲ್ಲ ಅಂದ್ರೆ ಸಾಮಾನ್ಯವಾಗಿ ತೊಂದರೆ ಇಲ್ಲ ಅಂತ ಲೆಕ್ಕ, ಆದ್ರೂ ಮುಂದಿನ ಚೆಕಪ್‌ಗೆ ಹೋದಾಗ ಬಾಯಿಬಿಟ್ಟು ಕೇಳಿಬಿಡಿ. ಬಿಪಿ ಮಾತ್ರೆಗಳಲ್ಲೂ ಅಟೆನೊಲಾಲ್ ಥರದ್ದು, ನೀರು ಇಳಿಸೋ ಥರದ್ದು ಕೆಲವ್ರಿಗೆ ಈ ತೊಂದರೆ ಮಾಡ್ತವೆ, ಖಿನ್ನತೆ ಮಾತ್ರೇಲೂ ಕೆಲವು ಹಂಗೇ. ನೀವಾಗೇ ನಿಲ್ಲಿಸಬೇಡಿ, ಬದಲಾಯಿಸಿ ಅಂತ ಕೇಳಿ, ಬೇರೆ ಎಷ್ಟೋ ಇವೆ.

ಬೆಣ್ಣೆದೋಸೆ_46
ಹದಿನಾರು ದಿನ ಆದ್ಮೇಲೆ ಬರ್ತಿದೀನಿ, ಕ್ಷಮಿಸಿ. ಎಲ್ಲಾರ ಮಾತೂ ಎರಡೆರಡು ಸಲ ಓದಿದೆ. ಮಲ್ಲಿಗೆ ಮೇಡಂ ಬರೆದಿದ್ದನ್ನ ಓದಿದ ರಾತ್ರಿ ನಾಳೆ ಹೇಳೋಣ ನಾಳೆ ಹೇಳೋಣ ಅಂತ ನಾಲ್ಕು ದಿನ ತಳ್ಳಿದೆ. ಕೊನೆಗೆ ಭಾನುವಾರ ಸೊಪ್ಪು ಬಿಡಿಸ್ತಾ ಕೂತಿದ್ಲು, ನಾನೂ ಒಂದು ಕಟ್ಟು ತಗೊಂಡು ಪಕ್ಕದಲ್ಲಿ ಕೂತು ತಲೆ ಎತ್ತದೆ ಎಲ್ಲಾ ಹೇಳ್ಬಿಟ್ಟೆ. ಸ್ವಲ್ಪ ಹೊತ್ತು ಸುಮ್ನಿದ್ಲು. ಆಮೇಲೆ ನಿಮ್ಮ ಕೆಲಸ ಹೋಗಿದೆ, ನನ್ನ ಹತ್ರ ಮುಚ್ಚಿಡ್ತಿದೀರ ಅಂದ್ಕೊಂಡಿದ್ದೆ ಅಂದ್ಲು. ಏಳು ತಿಂಗಳಿಂದ ಚೀಟಿ ದುಡ್ಡು ಬೇರೆ ತೆಗೆದಿಟ್ಟಿದಾಳೆ, ಕಷ್ಟಕ್ಕಾಗ್ಲಿ ಅಂತ.

ಟೆಸ್ಟ್ ಮಾಡಿಸ್ದೆ. ಎರಡು ರಾತ್ರಿ ಏಳೇಳು ಗಂಟೆ ಮಲಗಿ, ಬೆಳಗ್ಗೆ 8ಕ್ಕೆ ಖಾಲಿ ಹೊಟ್ಟೇಲಿ ಕೊಟ್ಟಿದ್ದಕ್ಕೆ ಟೆಸ್ಟೋಸ್ಟೆರಾನ್ 398. ಖುಷಿ ಪಡೋ ಅಷ್ಟರಲ್ಲಿ ಮೂರು ತಿಂಗಳ ಸರಾಸರಿ ಶುಗರ್ ಹೇಳೋ ಎಚ್‌ಬಿಎ1ಸಿ 7.9 ಬಂತು. ಶುಗರ್ ಇದೆ ಅಂತ ಆಯ್ತು. ಬಿಪಿ ಮಾತ್ರೆ, ಶುಗರ್ ಮಾತ್ರೆ ಎರಡೂ ಶುರು ಮಾಡಿದಾರೆ, ಇಸಿಜಿ ಸರಿ ಇದೆ, ಟ್ರೆಡ್‌ಮಿಲ್ ಟೆಸ್ಟ್ ಮುಂದಿನ ವಾರ. ಡಾಕ್ಟ್ರ ಮುಂದೆ ಹೆಂಡತಿ ಇನ್ನೊಂದು ಹೇಳಿದ್ಲು, ಇವರು ಗೊರಕೆ ಹೊಡಿತಾ ಹೊಡಿತಾ ಮಧ್ಯ ಉಸಿರೇ ನಿಲ್ಲಿಸಿಬಿಡ್ತಾರೆ, ನಾನೇ ತಿವಿದು ಎಬ್ಬಿಸ್ತೀನಿ ಅಂತ. ನಂಗೆ ಗೊತ್ತೇ ಇರ್ಲಿಲ್ಲ. ಅದಕ್ಕೂ ಒಂದು ರಾತ್ರಿ ಮಲಗಿಸಿ ನೋಡ್ತಾರಂತೆ.

ತಾಲ್ಲೂಕು_ಡಾಕ್ಟ್ರು
ಬಹಳ ಒಳ್ಳೇದಾಯ್ತು. ಉಸಿರು ನಿಲ್ಲೋ ಗೊರಕೆ ಬಿಪಿಗೂ ಇದಕ್ಕೂ ಎರಡಕ್ಕೂ ಕಾರಣ ಆಗತ್ತೆ, ರಾತ್ರಿಯಿಡೀ ಅಡ್ರಿನಲಿನ್ ಸುರಿತಾ ಇರತ್ತೆ, ಅದನ್ನ ಹಿಡಿದಿದ್ದು ನಿಮ್ಮ ಮನೆಯವರು. ಇನ್ನು ಸಿಗರೇಟು, ಹೊಟ್ಟೆ. ಇಟಲಿಯಲ್ಲಿ ಇದೇ ತೊಂದರೆ ಇದ್ದ 110 ದಪ್ಪ ಗಂಡಸರನ್ನ ಎರಡು ವರ್ಷ ನೋಡಿದ್ರು, 2004ರಲ್ಲಿ ಬಂತು, ಊಟ ವ್ಯಾಯಾಮ ಕಟ್ಟುನಿಟ್ಟಾಗಿ ಮಾಡಿಸಿದ ಗುಂಪಲ್ಲಿ ಮೂರರಲ್ಲಿ ಒಬ್ಬರಿಗೆ ಸರಿಹೋಯ್ತು. ಮೂರರಲ್ಲಿ ಒಬ್ಬರು, ಎಲ್ಲಾರಿಗೂ ಅಲ್ಲ, ಮೊದಲೇ ಹೇಳ್ತಿದೀನಿ. ವಾರಕ್ಕೆ ನಾಲ್ಕು ದಿನ 40 ನಿಮಿಷ, ಬೆವರು ಬರಬೇಕು, ಆರು ತಿಂಗಳು. ಫೋನ್ ನೋಡ್ಕೊಂಡು ಪಾರ್ಕಲ್ಲಿ ಸುತ್ತೋದು ಲೆಕ್ಕಕ್ಕಿಲ್ಲ.

ಬೆಣ್ಣೆದೋಸೆ_46
ಸರಿ ಸರ್. ಮ್ಯಾನೇಜರ್ ಹತ್ರ ಕಾಲ್ ಟೈಮ್ ಬದಲಾಯಿಸಿ ಅಂತ ಇನ್ನೂ ಕೇಳಿಲ್ಲ, ಅದಕ್ಕೆ ಧೈರ್ಯ ಬಂದಿಲ್ಲ. ಹಾಲಿಂದ ರೂಮಿಗೆ ವಾಪಸ್ ಬಂದಿದೀನಿ. ಅಲ್ಲಿ ಏನಾಯ್ತು ಅಂತ ಕೇಳಬೇಡಿ, ಮಲ್ಲಿಗೆ ಮೇಡಂ ಹೇಳಿದ ಮೂರು ವಾರದ ರೂಲಲ್ಲಿ ಇದೀವಿ.

ಇನ್ನೊಂದೇ ಡೌಟು. ಖಾಲಿ ಹೊಟ್ಟೆ ಶುಗರ್ ಮತ್ತೆ ನೋಡಬೇಕು ಅಂತ ಗುರುವಾರ ಏಳೂಮುಕ್ಕಾಲಿಗೆ ಬರಕ್ಕೆ ಹೇಳಿದಾರೆ. ಮಗಳನ್ನ ಬಿಟ್ಟು ಹಂಗೇ ಹೋಗ್ತೀನಿ, ದಾರೀಲಿ ಒಂದು ಬೈಟು ಕಾಫಿ ಕುಡೀಬಹುದಾ?

ತಾಲ್ಲೂಕು_ಡಾಕ್ಟ್ರು
ಬೇಡ. ಬರೀ ನೀರು. ರಕ್ತ ಕೊಟ್ಟು ಹೊರಗೆ ಬಂದು ಬೈಟು ಯಾಕೆ, ಫುಲ್ಲೇ ಕುಡೀರಿ, ಸಕ್ಕರೆ ಇಲ್ದೆ.

ಬೆಣ್ಣೆದೋಸೆ_46
ಸಕ್ಕರೆ ಇಲ್ದೆ ಫಿಲ್ಟರ್ ಕಾಫಿ. ಅದಕ್ಕಿಂತ ಆ 18 ಸಾವಿರದ ಡಬ್ಬೀನೇ ವಾಸಿ ಇತ್ತು ಸಾರ್